ಗಂಟಲು ಕೆಡುವುದು ಹಾಡಿನಿಂದ ಮಾತ್ರ ಅಲ್ಲ ಮಾರಾಯ

ಪ್ರಿಯ ಗೆಳೆಯಾ,

ಹಾಡೋ ಕಾರ್ಯಕ್ರಮ ಇರುವಾಗಲೇ ಧ್ವನಿ ಕೂತಿದೆ, ಏನು ಕುಡಿದರೆ ಸರಿಹೋಗುತ್ತೆ ಅಂತ ಕೇಳಿದ್ದೀಯ. ಏನು ಕುಡಿದರೂ ಅದು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ಅವು ಇರುವುದು ಉಸಿರಿನ ದಾರಿಯಲ್ಲಿ, ನೀರು ಹೋಗುವುದು ಅನ್ನನಾಳದಲ್ಲಿ. ತಪ್ಪಿ ಆ ಕಡೆ ಒಂದು ಹನಿ ಹೋದರೆ ನೆತ್ತಿಗೆ ಹತ್ತಿ ಕೆಮ್ಮು ಬರುತ್ತೆ, ಅಷ್ಟೇ. ಹಾಗಂತ ನೀರು ಬೇಡ ಅಂತಲ್ಲ. ಮೈಯಲ್ಲಿ ನೀರು ಸಾಕಷ್ಟಿದ್ದರೆ ತಂತುಗಳ ಮೇಲಿನ ಲೋಳೆ ತೆಳುವಾಗಿರುತ್ತೆ. ಆದರೆ ಅದಕ್ಕೆ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಬೇಕು, ವೇದಿಕೆ ಹತ್ತುವಾಗ ಒಂದು ಬಾಟಲಿ ಗಟಗಟ ಕುಡಿದರೆ ಉಪಯೋಗವಿಲ್ಲ. ನೇರವಾಗಿ ಅಲ್ಲಿಗೆ ತಲುಪುವುದು ಹಬೆ.

ನನ್ನ ಅನುಮಾನ ಇರೋದು ನಿನ್ನ ಹಾಡಿನ ಅಭ್ಯಾಸದ ಮೇಲಲ್ಲ, ಉಳಿದ ಹೊತ್ತಿನ ಮೇಲೆ. ಸುಮ್ನೆ ಮಾತಾಡುವಾಗಲೂ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸಲ ಒಂದಕ್ಕೊಂದು ಬಡಿಯುತ್ತವೆ. ಹಾಡುವಾಗಲಾದರೂ ಉಸಿರು, ಶ್ರುತಿ ಎಲ್ಲದರ ಮೇಲೆ ಗಮನ ಇರುತ್ತೆ. ಗಾಡಿಗಳ ಸದ್ದಿನ ನಡುವೆ ಫೋನ್ ಹಿಡಿದುಕೊಂಡಾಗ ಇರುತ್ತಾ? ಗದ್ದಲದಲ್ಲಿ ನಮಗೇ ಗೊತ್ತಾಗದ ಹಾಗೆ ದನಿ ಏರುತ್ತೆ, ಅಲ್ವಾ?

ಇನ್ನೊಂದು, ಮೈಕ್ ಹಿಡಿದ ಕೂಡಲೇ ‘ಅಹ್ಹೆಂ, ಅಹ್ಹೆಂ’ ಅಂತೀಯಲ್ಲ, ಅದನ್ನು ಮೊದಲು ಬಿಡು. ಹಾಗೆ ಮಾಡಿದಾಗಲೆಲ್ಲ ತಂತುಗಳು ಜೋರಾಗಿ ಉಜ್ಜಿಕೊಳ್ಳುತ್ತವೆ, ಕೆರಳಿದ ಜಾಗದಲ್ಲಿ ಮತ್ತೆ ಲೋಳೆ ಸೇರುತ್ತೆ, ಮತ್ತೆ ಕಿರಿಕಿರಿ, ಮತ್ತೆ ‘ಅಹ್ಹೆಂ’. ಅದರ ಬದಲು ಒಂದು ಗುಟುಕು ನೀರು ನುಂಗು. ಪಿಸುಮಾತಾಡಿದರೆ ಗಂಟಲಿಗೆ ವಿಶ್ರಾಂತಿ ಅಂದ್ಕೊಂಡಿದ್ದರೆ ಅದೂ ತಪ್ಪು, ಪಿಸುಗುಡುವಾಗ ಎಷ್ಟೋ ಜನ ಗಂಟಲನ್ನು ಇನ್ನೂ ಬಿಗಿ ಮಾಡ್ಕೊಳ್ತಾರೆ. ಸುಮ್ಮನಿರೋದೇ ವಾಸಿ.

ಹಾಡುವ ಮುಂಚೆ ಒಂದು ಸ್ಟ್ರಾ ತುಟಿಯಲ್ಲಿ ಹಿಡಿದು ಅದರೊಳಗೆ ಹಗುರವಾಗಿ ‘ಊ’ ಅಂತ ಕೆಳಗಿನಿಂದ ಮೇಲಕ್ಕೆ ಜಾರಿಸು, ಮತ್ತೆ ಇಳಿಸು. ಸಣ್ಣ ಕೊಳವೆಯಲ್ಲಿ ಗಾಳಿ ತಡೆದು ಹಿಂದಕ್ಕೆ ಸ್ವಲ್ಪ ಒತ್ತುತ್ತೆ, ಅದರಿಂದ ತಂತುಗಳು ಜೋರಾಗಿ ಬಡಿದುಕೊಳ್ಳದೆ ಅದುರುತ್ತವೆ. ನೋಡಿದವರು ನಗಬಹುದು, ನಗಲಿ ಬಿಡು. ರಾತ್ರಿ ಊಟ ಮಾಡಿದ ತಕ್ಷಣ ಮಲಗಬೇಡ, ಹುಳಿತೇಗು ಗಂಟಲವರೆಗೂ ಬರುತ್ತೆ.

ಮೂರು ವಾರ ಕಳೆದರೂ ದನಿ ಒಡಕಾಗಿಯೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸು. ಕ್ಯಾಮೆರಾ ಇಳಿಸಿ ನೋಡಿದರೆ ಗಂಟು ಇದೆಯಾ, ಬರೀ ಊತವಾ ಗೊತ್ತಾಗುತ್ತೆ. ಹಾಡುತ್ತಿರುವಾಗಲೇ ದನಿ ಥಟ್ಟನೆ ಹೋಯಿತು ಅಂತಿಟ್ಕೋ, ಆಗ ಮೂರು ವಾರದ ಮಾತೇ ಇಲ್ಲ. ಒಳಗೆ ರಕ್ತ ಸೋರಿರಬಹುದು, ಅಲ್ಲಿಗೇ ನಿಲ್ಲಿಸಿ ಬೇಗ ತೋರಿಸಬೇಕು. ಗಂಟಲು ಮರಗಟ್ಟಿಸುವ ಮಾತ್ರೆ ಚೀಪಿಕೊಂಡು ಹಾಡುವ ಸಾಹಸವಂತೂ ಬೇಡವೇ ಬೇಡ, ನೋವು ಗೊತ್ತಾಗದೆ ಇನ್ನಷ್ಟು ಎಳೆದುಬಿಡ್ತೀಯ.

ಈ ಸಲದ ಕಾರ್ಯಕ್ರಮ ಬಿಡೋಕೆ ಮನಸ್ಸಿಲ್ಲ ಅಂತ ಗೊತ್ತು. ಗಂಟಲು ಅಷ್ಟರಲ್ಲಿ ಸರಿಹೋದರೆ ಶ್ರುತಿಯನ್ನು ಅರ್ಧ ಮನೆ, ಅಂದ್ರೆ ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಕೀಲಿಯಷ್ಟು ಇಳಿಸಿಕೋ, ತಾರಸ್ಥಾಯಿಗೆ, ಅಂದ್ರೆ ತೀರಾ ಮೇಲಿನ ಸ್ವರಗಳಿಗೆ ಏರುವ ಹಾಡನ್ನು ಪಟ್ಟಿಯಿಂದ ತೆಗೆದುಹಾಕು. ಸರಿಹೋಗದಿದ್ದರೆ ನಿನ್ನ ಬದಲು ಹಾಡೋಕೆ ಅಂತ ಬೇರೆಯವರನ್ನು ಇವತ್ತೇ ಕೇಳಿಟ್ಟುಕೋ.