ನಾಮಿನಿ ಕಾಲಂನಲ್ಲಿ ನಿನ್ನ ಹೆಸರು

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟಮೇಲೆ ನಾನು ವಾಪಸ್ ಮಾಡ್ಲಿಲ್ಲ. ಕೋಪ ಅಂತ ತಿಳ್ಕೋಬೇಡ, ಫೋನಲ್ಲಿ ಹೇಳಕ್ಕೆ ಹೋದ್ರೆ ನೀನೂ ಅಳ್ತೀಯ ನಾನೂ ಅಳ್ತೀನಿ, ಹೇಳ್ಬೇಕಾಗಿದ್ದು ಅಲ್ಲೇ ಉಳ್ಕೊಳತ್ತೆ. ಅದಕ್ಕೇ ಟೈಪ್ ಮಾಡ್ತಿದೀನಿ. ಉದ್ದ ಆಗತ್ತೆ, ಆಫೀಸಲ್ಲಿ ಓದಕ್ಕೆ ಹೋಗ್ಬೇಡ, ರಾತ್ರಿ ಊಟ ಆಗ್ಲಿ.

ನನ್ ನೋವಿಗೆ ಮಂಗಳೂರಲ್ಲಿ ನಡೀತಿರೋ ಔಷಧಿ ಪರೀಕ್ಷೆಗೆ, ಅಂದ್ರೆ ಟ್ರಯಲ್‌ಗೆ, ಸೇರ್ತೀನಿ ಅಂದೆನಲ್ಲ, ನಿಂಗೆ ಸಿಟ್ಟು ಬಂದಿದ್ದು ಅದಕ್ಕಿಂತ ನಾಮಿನಿ ಅಂದಿದ್ದಕ್ಕೆ, ನಂಗೊತ್ತು. ಆ ಒಪ್ಪಿಗೆ ಪತ್ರದಲ್ಲಿ ಹೆಸರು, ವಯಸ್ಸು, ಓದು, ಕೆಲಸ, ವರ್ಷದ ಆದಾಯ ಎಲ್ಲಾ ಬರೆದಮೇಲೆ ನಾಮಿನಿ ಹೆಸರು, ವಿಳಾಸ, ಸಂಬಂಧ ಅಂತ ಒಂದು ಕಾಲಂ ಇದೆ, ಟ್ರಯಲ್‌ನಿಂದಾನೇ ಜೀವ ಹೋದ್ರೆ ಪರಿಹಾರದ ದುಡ್ಡು ಯಾರಿಗೆ ಅಂತ. ಸೊಸೈಟಿಲಿ 31 ವರ್ಷ ಠೇವಣಿ ಫಾರಂ ತುಂಬ್ಸಿದವಳು ನಾನು, ಆ ಕಾಲಂ ಖಾಲಿ ಬಿಟ್ಟು ಹೋದವರ ಮಕ್ಳು ವಾರಸಾ ಸರ್ಟಿಫಿಕೇಟ್ ಹಿಡ್ಕೊಂಡು ಎಷ್ಟು ಸಲ ಅಲೆದಿದಾರೆ ಅಂತ ನೋಡಿದೀನಿ. ನಾಮಿನಿ ಬರೆದ್ರೆ ಸಾಯ್ತಾರೆ ಅಂತಿದ್ರೆ ತೀರ್ಥಹಳ್ಳಿ ತಾಲ್ಲೂಕಲ್ಲಿ ಒಬ್ರೂ ಉಳೀತಿರ್ಲಿಲ್ಲ ಮಾರಾಯ್ತಿ.

"ನೀನೇನ್ ಇಲಿನಾ ಅಮ್ಮ" ಅಂದೆ. ಅದಕ್ಕೆ ಆಮೇಲೆ ಬರ್ತೀನಿ, ಮೊದ್ಲು ನೋವಿನ ವಿಷಯ. ನಿಂಗೆ ನಾನು ಯಾವತ್ತೂ ಸರಿಯಾಗಿ ಹೇಳೇ ಇಲ್ಲ, "ಪರವಾಗಿಲ್ಲ ಹಾಗೇ ಇದೆ" ಅಂತ ಮುಗಿಸ್ತಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಸರ್ಪಸುತ್ತು ಎದ್ದಾಗ ಬಲಗಡೆ ಬೆನ್ನಿಂದ ಎದೆ ಕೆಳಗಿನ ತನಕ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ. ನಿಮ್ಮತ್ತೆ ಬಂದು, ತಲೆ ಬಾಲ ಕೂಡಿದ್ರೆ ಮುಗೀತು ಅಂತ ಹೆದರ್ಸಿ, ಯಾರ ಹತ್ರಾನೋ ಕರ್ಕೊಂಡು ಹೋಗಿ ಕೆಮ್ಮಣ್ಣು ಹಚ್ಚಿಸಿದ್ರು, ಕುಕ್ಕೆಗೆ ಹರಕೆನೂ ಹೊತ್ಕೊಂಡ್ವಿ. ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ಐದು ದಿನ. ಅದಕ್ಕೆ ವೈರಸ್ ಮಾತ್ರೆ 72 ಗಂಟೆ ಒಳಗೆ ಶುರು ಮಾಡ್ಬೇಕಿತ್ತಂತೆ. ತಲೆ ಬಾಲ ಕೂಡೋದೂ ಸುಳ್ಳು, ಚಿಕ್ಕೋರಿದ್ದಾಗ ಅಮ್ಮ, ಅದೇ ಚಿಕನ್‌ಪಾಕ್ಸ್, ಆಗಿರತ್ತಲ್ಲ, ಆ ವೈರಸ್ಸೇ ಬೆನ್ನುಹುರಿ ಪಕ್ಕ ನರದ ಬುಡದಲ್ಲಿ ಮಲಗಿದ್ದು ವಯಸ್ಸಾದಮೇಲೆ ಎದ್ದು ಅದೇ ನರದ ದಾರೀಲಿ ಬರತ್ತೆ, ಆ ನರ ಇರೋದು ಮೈಯ ಒಂದೇ ಪಕ್ಕ. ಗುಳ್ಳೆ ಮೂರು ವಾರಕ್ಕೆ ಒಣಗಿತು. ನರ ಮಾತ್ರ ಹಾಳಾಗಿ ಕೂತಿದೆ.

ಈಗ ಹೇಗೆ ಅಂದ್ರೆ, ಜೋರಾಗಿ ಒತ್ತಿ ಹಿಡ್ಕೊಂಡ್ರೆ ತಡ್ಕೋಬಹುದು, ಮೆಲ್ಲಗೆ ತಾಗಿದ್ರೆ ಆಗಲ್ಲ. ಫ್ಯಾನ್ ಗಾಳಿಗೆ ನೈಟಿ ಅಲ್ಲಾಡಿ ತಾಗಿದ್ರೂ ಬಿಸಿ ಸೌಟು ಇಟ್ಟ ಹಾಗೆ ಉರಿಯತ್ತೆ. ಬ್ಲೌಸ್ ಉಲ್ಟಾ ಹಾಕ್ಕೋತೀನಿ, ಹೊಲಿಗೆ ಹೊರಗಡೆ ಬರ್ಲಿ ಅಂತ, ಒಳಗಡೆ ನಿಮ್ಮಪ್ಪನ ಹಳೇ ಬನಿಯನ್ ಕತ್ತರಿಸಿ ಸುತ್ಕೊಂಡಿರ್ತೀನಿ. ಗೃಹಪ್ರವೇಶಕ್ಕೆ ಯಾಕೆ ಬರ್ಲಿಲ್ಲ ಅಂತ ಮುನಿಸ್ಕೊಂಡಿದ್ದೆಯಲ್ಲ, ರೇಷ್ಮೆ ಸೀರೆ ಉಡಕ್ಕಾಗ್ತಿರ್ಲಿಲ್ಲ, ಅಷ್ಟೇ.

ನರದ ನೋವಿಗೆ ಪ್ರೀಗ್ಯಾಬಲಿನ್ ಅನ್ನೋ ಔಷಧಿ ಕೊಟ್ರು, ನೋವು ಸ್ವಲ್ಪ ಇಳೀತು, ಆದ್ರೆ ತಲೆ ತಿರುಗಿ ಅಂಗಳದ ಮೆಟ್ಟಿಲಲ್ಲಿ ಬಿದ್ದೆ, ಕಾಲು ಊದ್ಕೊಳ್ತು, ಡೋಸ್ ಕಮ್ಮಿ ಮಾಡಿದ್ರೆ ನೋವು ವಾಪಸ್. ಹೀಗೆ ಆಡಿಸ್ತಾ ಹತ್ತು ತಿಂಗಳಾಯ್ತು. ಆಗ ನಮ್ ಡಾಕ್ಟ್ರೇ ಅಂದಿದ್ದು, ಟ್ರಯಲ್ ಏನಾದ್ರೂ ನಡೀತಿದ್ರೆ ನೋಡ್ಬಹುದು ಅಂತ. ಅವ್ರು ಹೆಸರು ಹೇಳ್ಲಿಲ್ಲ, ಹುಡುಕಿದ್ದು ನಾನೇ.

ನಮ್ ದೇಶದಲ್ಲಿ ಸಿಟಿಆರ್‌ಐ ಅಂತ ಟ್ರಯಲ್‌ಗಳನ್ನ ನೋಂದಾಯಿಸೋ ಒಂದು ರಿಜಿಸ್ಟ್ರಿ ಇದೆ, ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವ್ರದ್ದು, 2007ರಿಂದ ಇದೆ, ಯಾರು ಬೇಕಾದ್ರೂ ಬಿಟ್ಟಿ ನೋಡ್ಬಹುದು. 2018 ಏಪ್ರಿಲ್‌ನಿಂದ ಮೊದಲ ರೋಗಿನ ಸೇರಿಸ್ಕೊಳೋ ಮುಂಚೇನೇ ಅಲ್ಲಿ ನೋಂದಣಿ ಆಗಿರ್ಬೇಕು, ಆಮೇಲೆ ಹಿಂದಿನ ತಾರೀಖು ಹಾಕಿ ಸೇರಿಸೋ ಹಾಗಿಲ್ಲ. ನಾನು ಮೊದ್ಲು ಬರೀ ಪೇನ್ ಅಂತ ಹಾಕ್ದೆ, ಉದ್ದುದ್ದ ಪಟ್ಟಿ ಬಂತು, ನೋಡಿದ್ರೆ ತುಂಬಾ ಭಾಗ ಆಪರೇಷನ್ ಆದಮೇಲಿನ ನೋವಿಗೆ ಯಾವ ಇಂಜೆಕ್ಷನ್ ಎಷ್ಟು ಹೊತ್ತು ಹಿಡಿಯತ್ತೆ ಅಂತ ಪಿಜಿ ಓದೋ ಮಕ್ಳು ಮಾಡೋ ಅಭ್ಯಾಸಗಳು, ನಂಗೇನೂ ಪ್ರಯೋಜನ ಇಲ್ಲ. ಚೀಟಿಲಿ ಡಾಕ್ಟ್ರು ಬರೆದಿದ್ದ ಹೆಸರು, ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ, ಅಂದ್ರೆ ಸರ್ಪಸುತ್ತು ಒಣಗಿದಮೇಲೂ ಉಳಿಯೋ ನರದ ನೋವು, ಅದನ್ನ ಅಕ್ಷರ ಅಕ್ಷರ ನೋಡಿ ಹೊಡೆದಮೇಲೆ ಬೆರಳೆಣಿಕೆಯಷ್ಟು ಬಂತು.

ಒಂದೊಂದ್ರಲ್ಲೂ ಏನ್ ನೋಡ್ಬೇಕು ಅಂದ್ರೆ, ಇನ್ನೂ ಜನ ಸೇರಿಸ್ಕೊಳ್ತಿದಾರಾ, ಯಾವ ಊರಿನ ಯಾವ ಆಸ್ಪತ್ರೆ, ಸೇರೋ ಜನಕ್ಕೆ ಅನ್ಯಾಯ ಆಗದ ಹಾಗೆ ನೋಡೋ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಯಾರನ್ನ ಸೇರಿಸ್ತಾರೆ ಯಾರನ್ನ ಬಿಡ್ತಾರೆ. ಕೆಳಗಡೆ ಸಾರ್ವಜನಿಕರು ಯಾರನ್ನ ಕೇಳ್ಬೇಕು ಅಂತ ಹೆಸರು, ಫೋನ್ ನಂಬರ್ ಇರತ್ತೆ. ರಿಜಿಸ್ಟ್ರಿಲಿ ಇದೆ ಅಂದ ಮಾತ್ರಕ್ಕೆ ಔಷಧಿ ಒಳ್ಳೇದು ಅಂತಲ್ಲ, ಲೆಕ್ಕಕ್ಕೆ ಸಿಕ್ಕಿದೆ ಅಂತ ಅಷ್ಟೇ. ಮೊದಲ್ನೇ ನಂಬರ್‌ಗೆ ಮಾಡಿದ್ರೆ ಆ ಡಾಕ್ಟರ್ ಬೇರೆ ಊರಿಗೆ ಹೋಗಿ ಎಷ್ಟೋ ದಿನ ಆಗಿದೆ, ಪಟ್ಟಿಲಿ ಮಾತ್ರ ಇನ್ನೂ ಓಪನ್ ಅಂತಿದೆ. ಎರಡ್ನೇದ್ರಲ್ಲಿ 65 ದಾಟಿದವರು ಬೇಡ ಅಂದ್ರು. ಮೂರ್ನೇದು ಮಂಗಳೂರು.

ಮಧ್ಯದಲ್ಲಿ ಇನ್ನೊಂದು ಆಯ್ತು, ನಿಮ್ಮಪ್ಪಂಗೆ ವಾಟ್ಸಾಪಲ್ಲಿ ಯಾರೋ ಕಳ್ಸಿದ್ರು, ಸ್ಟೆಮ್ ಸೆಲ್ ಟ್ರಯಲ್, ನರದ ನೋವು ಮಂಡಿ ನೋವು ಎಲ್ಲದಕ್ಕೂ, 80 ಸಾವಿರ, ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್. ಸಿಟಿಆರ್‌ಐ ನಂಬರ್ ಕೊಡಿ ಅಂದೆ, ಆ ಹುಡುಗ ಫೋನ್ ಇಟ್ಟ. ಟ್ರಯಲ್‌ಗೆ ಸೇರೋರ ಹತ್ರ ದುಡ್ಡು ಕೇಳಿದ್ರು ಅಂದ್ರೆ ಅದು ಟ್ರಯಲ್ ಅಲ್ಲ, ವ್ಯಾಪಾರ. ಮಂಗಳೂರಿನವ್ರು ಪರೀಕ್ಷೆಗೆ, ಮಾತ್ರೆಗೆ ಏನೂ ತಗೊಳಲ್ಲ, ಬಸ್ ಚಾರ್ಜು ಅವ್ರೇ ಕೊಡ್ತಾರೆ, ಟಿಕೆಟ್ ಇಟ್ಕೊಂಡಿರ್ಬೇಕು.

ಈಗ ಇಲಿ ವಿಷಯ. ನಿನ್ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣದ ಖಮ್ಮಂನಲ್ಲಿ, ಗುಜರಾತಿನ ವಡೋದರಾದಲ್ಲಿ ಅಧ್ಯಯನಕ್ಕೆ ಅಂತ ಹೆಣ್ಮಕ್ಳಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಹಾಕಿದಾಗ ಅಪ್ಪ ಅಮ್ಮನ ಒಪ್ಪಿಗೇನೇ ಸರಿಯಾಗಿ ತಗೊಂಡಿರ್ಲಿಲ್ಲ ಅಂತ ಗಲಾಟೆ ಆಗಿ 2010ರಲ್ಲಿ ನಿಲ್ಲಿಸಿದ್ರು. ಆಮೇಲೆ ಸುಪ್ರೀಂ ಕೋರ್ಟಿಗೆ ಬೇರೆ ಕೇಸ್ ಹೋಗಿ, 2013ರಲ್ಲಿ ಒಪ್ಪಿಗೆ ತಗೊಳೋದನ್ನ ವಿಡಿಯೋ ಮಾಡಿ ಅಂತ ಕೋರ್ಟೇ ಹೇಳ್ತು. ನಂದೂ ವಿಡಿಯೋ ಮಾಡಿದ್ರು, ಒಂದು ಗಂಟೆ ಮೇಲೆ ಹಿಡೀತು, ಯಾಕಂದ್ರೆ ನಾನು ಪ್ರಶ್ನೆ ನಿಲ್ಲಿಸ್ಲಿಲ್ಲ. ಪತ್ರ ಕನ್ನಡದಲ್ಲೇ ಇತ್ತು ಅನ್ನು, ಆದ್ರೆ ಎಂಥಾ ಕನ್ನಡ! "ಯಾದೃಚ್ಛಿಕ" ಅಂದ್ರೆ ಏನಮ್ಮ ಅಂತ ಆ ಕೋಆರ್ಡಿನೇಟರ್ ಹುಡುಗಿನ ಕೇಳಿದ್ರೆ ಅವಳು ನಕ್ಕುಬಿಟ್ಲು, ಆಂಟಿ, ಲಾಟರಿ ಎತ್ತಿದ ಹಾಗೆ ಅಂದ್ಲು. ಹಾಗೇ ಬರೀಬಾರ್ದಾ? ಮೊದಲ ದಿನ ನಾನು ಸಹಿ ಹಾಕ್ಲಿಲ್ಲ, ಪತ್ರ ಮನೆಗೆ ತಂದು ನಾಕು ದಿನ ಇಟ್ಕೊಂಡು ಪೆನ್ಸಿಲಲ್ಲಿ ಗೆರೆ ಹಾಕಿ ಓದ್ದೆ, ಕೊನೇ ಪುಟದಲ್ಲಿ ಎಥಿಕ್ಸ್ ಕಮಿಟಿ ನಂಬರ್ ಇತ್ತು, ಅದಕ್ಕೂ ಫೋನ್ ಮಾಡ್ದೆ. ಆ ಕಮಿಟಿಲಿ ಕನಿಷ್ಠ ಏಳು ಜನ ಇರ್ಬೇಕು, ಅರ್ಧ ಜನ ಆ ಆಸ್ಪತ್ರೆಗೆ ಸೇರದೇ ಇರೋರು, ಒಬ್ರು ಕಾನೂನು ಗೊತ್ತಿರೋರು, ಒಬ್ರು ನಮ್ಮಂಥ ಸಾಮಾನ್ಯ ಜನ, ಹೆಂಗಸೊಬ್ರು ಇರ್ಲೇಬೇಕು.

ಪರಿಹಾರಕ್ಕೂ 2019ರ ನಿಯಮದಲ್ಲಿ ಒಂದು ಸೂತ್ರ ಇದೆ, ನಾನು ಲೆಕ್ಕ ಹಾಕ್ದೆ, ನಗ್ಬೇಡ. ಮೂಲ ಮೊತ್ತ 8 ಲಕ್ಷ, ಅದಕ್ಕೆ ವಯಸ್ಸಿನದೊಂದು ಅಂಕಿ ಗುಣಿಸಿ 99.37ರಿಂದ ಭಾಗಿಸ್ಬೇಕು. 65 ದಾಟಿದವ್ರ ಅಂಕಿ ಅದೇ 99.37, 16ರ ಒಳಗಿನ ಮಕ್ಳದ್ದು 228.54. ಅಂದ್ರೆ 66ರ ನಂದು ಎಲ್ಲಕ್ಕಿಂತ ಅಗ್ಗದ ಜೀವ. ಮೊದಲೇ ಎಷ್ಟು ಕಾಯಿಲೆ ಇತ್ತು ಅನ್ನೋದನ್ನೂ ಗುಣಿಸ್ತಾರೆ, ಸಾಯೋ ಹಾಗಿದ್ದೋರಿಗೆ ಅರ್ಧ, ಗಟ್ಟಿಮುಟ್ಟಾಗಿದ್ದೋರಿಗೆ ನಾಕು. ನಂಗೆ ಮೂರು ಹಿಡಿದ್ರೂ 24 ಲಕ್ಷ. ಸಾಯೋದು ಇರ್ಲಿ, ಔಷಧಿಯಿಂದ ಮೈಗೆ ಏನಾದ್ರೂ ಆದ್ರೆ ಚಿಕಿತ್ಸೆ ಬಿಟ್ಟಿ ಕೊಡ್ಲೇಬೇಕು, ಅದು ಬೇರೆ. ಬೇಡ ಅನ್ಸಿದ ದಿನ ಕಾರಣ ಹೇಳದೇ ಬಿಟ್ಟು ಬರ್ಬಹುದು, ಅದನ್ನೂ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡೆ.

ಗುಣ ಆಗತ್ತೆ ಅಂತ ಹೋಗ್ತಿಲ್ಲ ನಾನು, ಅದು ನಿಂಗೆ ಸ್ಪಷ್ಟ ಇರ್ಲಿ. ಅರ್ಧ ಜನಕ್ಕೆ ಔಷಧಿ ಇಲ್ಲದ ಸುಮ್ನೆ ಕ್ಯಾಪ್ಸೂಲು, ಹನ್ನೆರಡು ವಾರ, ಯಾರಿಗೆ ಯಾವುದು ಅಂತ ಡಾಕ್ಟ್ರಿಗೂ ಗೊತ್ತಿರಲ್ಲ. ಸುಮ್ನೆ ಕ್ಯಾಪ್ಸೂಲ್ ಕೊಟ್ರೆ ಮೋಸ ಅಲ್ವಾ ಅಂತ ನಂಗೂ ಅನ್ಸಿತ್ತು, ಆದ್ರೆ ನೋವಿನ ವಿಷಯದಲ್ಲಿ ಅದಿಲ್ದೇ ಏನೂ ಗೊತ್ತಾಗಲ್ವಂತೆ. ಅಮೆರಿಕದ ವರ್ಟೆಕ್ಸ್ ಕಂಪನಿ ಸುಝೆಟ್ರಿಜಿನ್ ಅನ್ನೋ ಹೊಸ ಮಾತ್ರೆನ ಸೊಂಟದಿಂದ ಕಾಲಿಗೆ ಇಳಿಯೋ ನರದ ನೋವಿಗೆ ನೋಡಿದಾಗ, 2024ರ ಡಿಸೆಂಬರಲ್ಲಿ ಫಲಿತಾಂಶ ಬಂತು, ಹತ್ತರ ಅಳತೇಲಿ ಮಾತ್ರೆ ತಗೊಂಡೋರಿಗೆ 2.02 ಇಳೀತು, ಸುಮ್ನೆ ಮಾತ್ರೆ ತಗೊಂಡೋರಿಗೆ 1.98! ಸುಮ್ನೆ ಮಾತ್ರೆ ಗುಂಪು ಇಲ್ದಿದ್ರೆ ಎರಡು ಅಂಕಿ ಇಳೀತು ಅಂತ ಕುಣಿದಾಡ್ತಿದ್ರು. ಮೆಣಸಿನಕಾಯಿ ಖಾರದಿಂದ ಮಾಡಿದ ಪಟ್ಟಿ ಒಂದಿದೆ, ಕ್ಯಾಪ್ಸೈಸಿನ್ ಅಂತ, ನಂದೇ ನೋವಿಗೆ. ಅದನ್ನ ಪರೀಕ್ಷೆ ಮಾಡೋವಾಗ ಉರಿ ಬರದೇ ಇದ್ರೆ ಜನಕ್ಕೆ ಗುಟ್ಟು ಗೊತ್ತಾಗತ್ತಲ್ಲ, ಅದಕ್ಕೆ ಒಂದು ಗುಂಪಿಗೆ 8 ಪರ್ಸೆಂಟು, ಇನ್ನೊಂದಕ್ಕೆ 0.04 ಪರ್ಸೆಂಟು ಖಾರ ಹಾಕಿದ್ರಂತೆ. ಬ್ಯಾಡಗಿ ಮೆಣಸು ತೋರ್ಸಿ ಗುಂಟೂರು ಅಂದ ಹಾಗೆ.

ಈಗ ಸ್ಕ್ರೀನಿಂಗ್ ನಡೀತಿದೆ, ನನ್ನ ಸೇರಿಸ್ಕೊಳ್ಬಹುದಾ ಅಂತ ನೋಡೋದು. ರಕ್ತ, ಇಸಿಜಿ ಆಯ್ತು, ಪ್ರೀಗ್ಯಾಬಲಿನ್ ಡಾಕ್ಟ್ರು ಹೇಳಿದ ಹಾಗೆ ಇಳಿಸ್ತಾ ಬಂದು ನಿಲ್ಸಿದೀನಿ, ತಡಿಯಕ್ಕಾಗದಿದ್ರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಎಷ್ಟು ಅಂತ ಬರೀಬೇಕು. ನಿಮ್ಮತ್ತೆ ಕೊಟ್ಟ ಎಣ್ಣೆನೂ ಬರೆಸ್ದೆ. ದಿನಾ ಮಲಗೋ ಮುಂಚೆ ಡೈರಿಲಿ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ. ವಾರದ ಸರಾಸರಿ ನಾಕಕ್ಕಿಂತ ಕಮ್ಮಿ ಇದ್ರೆ ಸೇರಿಸ್ಕೊಳಲ್ಲ, ಅದನ್ನ ಅವ್ರು ಹೇಳಿರ್ಲಿಲ್ಲ, ನಾನೇ ರಿಜಿಸ್ಟ್ರಿಲಿ ಓದಿದ್ದೆ, ಓದ್ಬಾರ್ದಿತ್ತು ಅನ್ಸತ್ತೆ. ಮಂಗಳವಾರ ಮಳೆ ಬಂದು ತಂಪಾಗಿತ್ತು, ನೋವು ಮೂರೇ. ಪೆನ್ ಹಿಡ್ಕೊಂಡು ಕೂತೆ, ಐದು ಬರೆದ್ರೆ ಯಾರಿಗೆ ಗೊತ್ತಾಗತ್ತೆ ಅಂತ. ಕ್ಯಾಶ್ ಬುಕ್ಕಲ್ಲಿ ಒಂದ್ ರೂಪಾಯಿ ಹೆಚ್ಚು ಕಮ್ಮಿ ಆದ್ರೆ ರಾತ್ರಿ ಎಂಟರವರೆಗೆ ಕೂತು ಹುಡುಕ್ತಿದ್ದವಳು. ಮೂರೇ ಬರೆದೆ.

ಇನ್ನೊಂದು, ಹೇಳ್ಬೇಕೋ ಬೇಡ್ವೋ. ಒಂದು ವರ್ಷದಲ್ಲಿ ನೋವು ಎಷ್ಟಿದೆ ಅಂತ ದಿನಾ ಕೇಳಿದ್ದು ಆ ಡೈರಿ ಒಂದೇ. ನಿಂಗೆ ಚುಚ್ಚಕ್ಕೆ ಹೇಳ್ತಿಲ್ಲ. ಸ್ವಲ್ಪ ಚುಚ್ಚಕ್ಕೂ ಹೇಳ್ತಿದೀನಿ.

ಗುರುವಾರ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಹೋಗ್ತೀವಿ, ನಿಮ್ಮಪ್ಪನೂ ಬರ್ತಾರೆ, ಆಗುಂಬೆ ಘಾಟಿ ತಿರುವಲ್ಲಿ ಮೈ ತಾಗ್ಬಾರ್ದು ಅಂತ ನಂಗೆ ಬಲಗಡೆ ಕಿಟಕಿ ಸೀಟು, ಮಧ್ಯದಲ್ಲಿ ದಿಂಬು. ಸರಾಸರಿ ನಾಕಕ್ಕಿಂತ ಕಮ್ಮಿ ಇಲ್ದಿದ್ರೆ, ನಂಗೆ ಯಾವ ಕ್ಯಾಪ್ಸೂಲು ಅನ್ನೋ ಲಾಟರಿ ಅವತ್ತೇ. ಕಮ್ಮಿ ಇದ್ರೆ ಮೀನು ತಗೊಂಡು ವಾಪಸ್.

ನಾಮಿನಿ ಕಾಲಂನಲ್ಲಿ ನಿನ್ ಹೆಸರು, ಮಗಳು ಅಂತ ಬರೆದಿದೀನಿ, ವಿಳಾಸ ಅರ್ಧ ಇದೆ. ಪುಣೆ ಹೊಸ ಮನೆ ಪಿನ್‌ಕೋಡ್ ನನ್ ಹತ್ರ ಇಲ್ಲ. ಬುಧವಾರದೊಳಗೆ ಕಳ್ಸು.

ಅಮ್ಮ