ಕಂಟ್ರೋಲ್ ರೂಮ್ ಕಂಪ್ಯೂಟರ್‌ಗಳ ನೆಟ್‌ವರ್ಕ್ ಪಾಸ್‌ವರ್ಡ್ ಕುರಿತು

ಮಾನ್ಯ ಗ್ರಾಹಕರೇ,

ನಾವು ನಿರ್ವಹಿಸುತ್ತಿರುವ ಎಲ್ಲ ಸ್ಕಾಡಾ (ಕಾರ್ಖಾನೆಯ ಯಂತ್ರಗಳನ್ನು ಕಂಪ್ಯೂಟರ್ ಮೂಲಕ ಗಮನಿಸಿ ನಿಯಂತ್ರಿಸುವ) ವ್ಯವಸ್ಥೆಗಳಲ್ಲೂ ಸರ್ವರ್, ಆಪರೇಟರ್ ಸ್ಟೇಷನ್ ಮತ್ತು ಎಂಜಿನಿಯರಿಂಗ್ ಸ್ಟೇಷನ್‌ಗಳ ನಡುವಿನ ಸಂವಹನಕ್ಕೆ ಇನ್ನು ಮುಂದೆ ನೆಟ್‌ವರ್ಕ್ ಪಾಸ್‌ವರ್ಡ್ ಕಡ್ಡಾಯವಾಗಲಿದೆ. ಈ ಕೆಲಸಕ್ಕೆ ತಮ್ಮ ಘಟಕವನ್ನು ಕೆಲಹೊತ್ತು ನಿಲ್ಲಿಸಬೇಕಾಗುತ್ತದೆ. ಆ ತೊಂದರೆಗೆ ಕ್ಷಮೆ ಕೋರುತ್ತೇವೆ, ಆದರೆ ಕೆಲಸವನ್ನು ಮುಂದೂಡಲಾರೆವು.

ಪಾಸ್‌ವರ್ಡ್ ಒತ್ತುವುದು ಎರಡು ನಿಮಿಷದ ಕೆಲಸ, ಅದಕ್ಕೆ ಇಡೀ ದಿನದ ಸರ್ವಿಸ್ ಚಾರ್ಜ್ ಏಕೆ ಎಂದು ಹಲವರು ಮತ್ತೆ ಮತ್ತೆ ಕೇಳಿದ್ದೀರಿ. ಒತ್ತುವುದು ಎರಡು ನಿಮಿಷವೇ, ನಿಜ. ಆದರೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಅದೇ ಪಾಸ್‌ವರ್ಡ್ ಅಕ್ಷರಶಃ ಒಂದೇ ರೀತಿ ಇರಬೇಕು; ಒಂದು ಯಂತ್ರ ತಪ್ಪಿಹೋದರೂ ಅದು ಉಳಿದವುಗಳೊಡನೆ ಮಾತನಾಡುವುದಿಲ್ಲ, ಆಪರೇಟರ್ ಮುಂದಿನ ಪರದೆಯಲ್ಲಿ ಬಾಯ್ಲರಿನ ಒತ್ತಡವೂ ಟ್ಯಾಂಕಿನ ಮಟ್ಟವೂ ಕಾಣದಾಗುತ್ತವೆ. ಆದ್ದರಿಂದ ಮೊದಲು ಪ್ರತಿಯೊಂದು ಯಂತ್ರದ ಬ್ಯಾಕಪ್ ತೆಗೆದು, ಶಟ್‌ಡೌನ್ ಸಮಯದಲ್ಲಿ ಪಾಸ್‌ವರ್ಡ್ ಹಾಕಿ, ಅಲಾರಂ, ಟ್ರೆಂಡ್ (ಏರಿಳಿತ ತೋರಿಸುವ ನಕ್ಷೆ), ವರದಿಗಳೆಲ್ಲ ಸರಿಯಾಗಿ ಬರುತ್ತಿವೆಯೇ ಎಂದು ನಿಮ್ಮ ಶಿಫ್ಟ್ ಇನ್‌ಚಾರ್ಜ್ ಜೊತೆ ಕುಳಿತು ನೋಡಿದ ಮೇಲಷ್ಟೇ ನಮ್ಮ ಎಂಜಿನಿಯರ್ ಗೇಟು ದಾಟುತ್ತಾರೆ. ಶಟ್‌ಡೌನ್ ಸಿಗುವುದು ಬಹುತೇಕ ಭಾನುವಾರ ಅಥವಾ ರಾತ್ರಿ ಪಾಳಿಯಲ್ಲಿ. ಅವರ ಆ ದುಡಿಮೆಗೆ ಬೆಲೆ ಇಲ್ಲವೆಂಬಂತೆ ಮಾತನಾಡಿದಾಗ ನಮಗೆ ನೋವಾಗುತ್ತದೆ.

ಹಳೆಯ ಸಾಫ್ಟ್‌ವೇರ್ ಈ ಸೌಲಭ್ಯವನ್ನು ಕೊಡದಿದ್ದರೆ ಹೊಸ ಲೈಸೆನ್ಸ್ ಬೇಕಾಗುತ್ತದೆ. ಅದರ ಬೆಲೆಯನ್ನು ನಿಗದಿಪಡಿಸುವವರು ತಯಾರಕರು. ಅವರ ಬಿಲ್ಲಿನ ಪ್ರತಿಯನ್ನೇ ನಮ್ಮ ಬಿಲ್ಲಿಗೆ ಲಗತ್ತಿಸುತ್ತೇವೆ, ಅದರ ಮೇಲೆ ಒಂದು ರೂಪಾಯಿಯನ್ನೂ ಸೇರಿಸುವುದಿಲ್ಲ.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಎನ್ನುವವರಿಗೆ ಒಂದು ಮಾತು. 1979ರಲ್ಲಿ ಬಂದ, ಯಂತ್ರಗಳ ನಡುವೆ ಮಾಹಿತಿ ಮತ್ತು ಆದೇಶಗಳನ್ನು ಸಾಗಿಸುವ ಮಾಡ್‌ಬಸ್ ಎಂಬ ಸಂವಹನ ವಿಧಾನ ಇಂದಿಗೂ ನಮ್ಮ ಕಾರ್ಖಾನೆಗಳಲ್ಲಿ ಓಡುತ್ತಿದೆ. ಆದೇಶ ಕೊಡುತ್ತಿರುವವರು ಯಾರೆಂದು ಕೇಳುವ ಏರ್ಪಾಡು ಅದರ ಮೂಲರೂಪದಲ್ಲಿ ಇಲ್ಲವೇ ಇಲ್ಲ. 2023ರ ನವೆಂಬರಿನಲ್ಲಿ ಅಮೆರಿಕದ ಅಲಿಕ್ವಿಪ್ಪಾ ಪಟ್ಟಣದ ನೀರು ಸರಬರಾಜು ಕೇಂದ್ರವೊಂದರ ಪಿಎಲ್‌ಸಿಗೆ (ಯಂತ್ರಗಳನ್ನು ನೇರವಾಗಿ ನಡೆಸುವ ಪುಟ್ಟ ನಿಯಂತ್ರಕ ಕಂಪ್ಯೂಟರಿಗೆ) ದಾಳಿಕೋರರು ನುಗ್ಗಿದ ನಂತರ, ಅಲ್ಲಿನ ಸೈಬರ್ ಭದ್ರತಾ ಸಂಸ್ಥೆಯು ಅಂಥ ಉಪಕರಣಗಳಲ್ಲಿ ತಯಾರಕರೇ ಇಟ್ಟಿದ್ದ '1111' ಪಾಸ್‌ವರ್ಡನ್ನು ಕೂಡಲೇ ಬದಲಿಸುವಂತೆ ಸೂಚಿಸಿತು. ನಮ್ಮಲ್ಲಿ ಇಂಟರ್ನೆಟ್ಟೇ ಇಲ್ಲ ಎಂದು ನೆಮ್ಮದಿಯಿಂದಿರುವ ಘಟಕಗಳಲ್ಲೂ ಹೊರಗಿನ ಗುತ್ತಿಗೆದಾರರ ಲ್ಯಾಪ್‌ಟಾಪ್ ಕಂಟ್ರೋಲ್ ರೂಮ್ ಕಂಪ್ಯೂಟರ್‌ಗಳಿರುವ ಅದೇ ನೆಟ್‌ವರ್ಕ್ ಸ್ವಿಚ್ಚಿಗೆ ಸೇರುವುದನ್ನು ನಾವು ಕಂಡಿದ್ದೇವೆ.

ಪಾಸ್‌ವರ್ಡ್ ನಮ್ಮ ಸ್ವತ್ತಲ್ಲ. ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಮ್ಮ ಕೈಗೇ ಒಪ್ಪಿಸುತ್ತೇವೆ. ನಾಳೆ ತಾವು ಬೇರೆಯವರಿಗೆ ನಿರ್ವಹಣೆ ವಹಿಸಿದರೂ ಅವರಿಗೆ ಯಾವ ಅಡ್ಡಿಯೂ ಇರದು. ಲಕೋಟೆಯನ್ನು ಕಂಟ್ರೋಲ್ ರೂಮಿನಲ್ಲಿ ಇಡದೆ, ದಯವಿಟ್ಟು ಕಚೇರಿಯ ಬೀರುವಿನಲ್ಲಿಡಿ.

ತಮ್ಮ ಮುಂದಿನ ಶಟ್‌ಡೌನ್ ದಿನಾಂಕವನ್ನೂ, ನೆಟ್‌ವರ್ಕ್‌ನಲ್ಲಿರುವ ಎಲ್ಲ ಕಂಪ್ಯೂಟರ್‌ಗಳ ಪಟ್ಟಿಯನ್ನೂ ಈ ತಿಂಗಳೊಳಗೆ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ