ಬಿಸಿಯೂಟದ ಅಕ್ಕನಿಗೆ, ತಡವಾಗಿ

ಕಳೆದ ತಿಂಗಳ ಕೊನೆಯ ದಿನ ನಾನು ಸೇವೆಯಿಂದ ನಿವೃತ್ತನಾದೆ. ಶಿಕ್ಷಣದ ಎಲ್ಲ ಹಂತಗಳಲ್ಲೂ ಪರಿಸರ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ ಕೆಲವೇ ವರ್ಷಗಳಲ್ಲಿ ವಿಜ್ಞಾನ ಶಿಕ್ಷಕನಾಗಿ ಅಫಜಲಪುರ ತಾಲ್ಲೂಕಿಗೆ ಬಂದವನು, ಸೇವೆಯ ಬಹುಪಾಲನ್ನು ಭೀಮೆಯ ದಂಡೆಯಲ್ಲೇ ಕಳೆದೆ. ಬೀಳ್ಕೊಡುಗೆಯ ದಿನ ಗಂಟಲು ಕಟ್ಟಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಳೆಮಾಪಕ ನೆಡಲು ಅಂಗಳ ಬಿಟ್ಟುಕೊಟ್ಟ ಮುಖ್ಯ ಗುರುಗಳಿಗೆ, ರಜೆಯಲ್ಲೂ ಬಂದು ಮಳೆ ಅಳೆದು ವಹಿಯಲ್ಲಿ ಬರೆದ ಮಕ್ಕಳಿಗೆ, ತಮ್ಮ ತೊಗರಿ ಹೊಲದಲ್ಲಿ ಪಾಠ ಮಾಡಲು ಬಿಟ್ಟ ರೈತರಿಗೆ, ಸಹೋದ್ಯೋಗಿಗಳಿಗೆ ನಾನು ಋಣಿ.

ಇನ್ನು ನಮ್ಮ ಶಾಲೆಯ ಬಿಸಿಯೂಟದ ಅಕ್ಕ. 2020ರ ಅಕ್ಟೋಬರ್‌ನಲ್ಲಿ ಬಂದ ಭೀಮೆಯ ಮಹಾಪೂರವೂ, ಕೊರೊನಾದಿಂದ ಮುಚ್ಚಿದ್ದ ನಮ್ಮ ಶಾಲೆ ಕಾಳಜಿ ಕೇಂದ್ರವಾದದ್ದೂ ನಿಮಗೆಲ್ಲ ಗೊತ್ತು. ಆದರೆ ಮೊದಲ ರಾತ್ರಿಯ ಒಂದು ಸಂಗತಿಯನ್ನು ನಾನು ಯಾರಿಗೂ ಹೇಳಿಲ್ಲ. ಸಂಜೆ ಮಳೆ ನಿಂತಿತ್ತು, ಮಾಪಕ ಖಾಲಿಯಿತ್ತು. ಆ ಧೈರ್ಯದಲ್ಲಿ, ಹೊಳೆ ಇನ್ನು ಏರುವುದಿಲ್ಲವೆಂದು ತಗ್ಗಿನ ಓಣಿಯವರಿಗೆ ನಾನೇ ಹೇಳಿದ್ದೆ. "ಇಲ್ಲಿ ಮಳಿ ನಿಂತ್ರ ಏನಾತ್ರಿ ಸರ, ಮ್ಯಾಲಿಂದ ನೀರು ಬಿಟ್ಟಾರಂತ. ಹೊಳಿ ಇನ್ನಾ ಏರ್ತದ್ರಿ" ಎಂದವರೇ ಅಕ್ಕ ಮನೆಮನೆಗೆ ಹೋಗಿ ಮುದುಕರನ್ನೂ ಒಬ್ಬ ಬಾಣಂತಿಯನ್ನೂ ಶಾಲೆಗೆ ಕರೆತಂದರು. ರಾತ್ರಿ ಹತ್ತರ ಹೊತ್ತಿಗೆ ಆ ಓಣಿಗೆ ನೀರು ನುಗ್ಗಿತು. ಆ ಕೂಸಿನ ಅಳು ಕೇಳಿಸಿದಾಗಲೆಲ್ಲ ನನ್ನ ಕೈ ನಡುಗುತ್ತಿತ್ತು. ಅವರು ನನ್ನ ಮಾತನ್ನೇ ನಂಬಿ ಉಳಿದಿದ್ದರೆ ಎಂಬುದನ್ನು ಇಂದಿಗೂ ಪೂರ್ತಿ ಯೋಚಿಸಲಾರೆ.

ಅಕ್ಕ ದೊಡ್ಡ ಪಾತ್ರೆಯಲ್ಲಿ ಅನ್ನ ಇಳಿಸಿ ಎಲ್ಲರಿಗೂ ಬಡಿಸಿದ ಮೇಲೆ, ತರಗತಿಯಿಂದ ಸೀಮೆಸುಣ್ಣದ ತುಂಡೊಂದನ್ನು ತಂದು, ತಾಸಿಗೊಮ್ಮೆ ಬ್ಯಾಟರಿ ಹಿಡಿದು ಮೆಟ್ಟಿಲಿಳಿದು ನೀರು ಮುಟ್ಟಿದ ಕಡೆ ಗೆರೆ ಎಳೆಯುತ್ತಿದ್ದರು. ಆಗ ಅವರ ಸ್ವಂತ ಮನೆಯೂ ನೀರಿನಲ್ಲಿತ್ತು. ಒಂದು ಗೆರೆಗೂ ಇನ್ನೊಂದಕ್ಕೂ ಮೊದಲು ಗೇಣಿನ ಅಂತರ, ಆಮೇಲೆ ನಾಲ್ಕು ಬೆರಳು, ಆಮೇಲೆ ಎರಡು. ನಸುಕಿನಲ್ಲಿ ಕೊನೆಯ ಗೆರೆ ನೀರಿನಿಂದ ಮೇಲೆ ಉಳಿದಿತ್ತು. "ಇಳಿಲಾಕತ್ತದ್ರಿ ಸರ, ಚಾ ಕುಡೀರಿ" ಎಂದರು.

ಆ ರಾತ್ರಿಯ ನಂತರ ನನ್ನ ಪಾಠ ಬದಲಾಯಿತು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದೆಂದು ಮೊದಲೂ ಕಲಿಸುತ್ತಿದ್ದೆ. ಆದರೆ ಆ ನೀರು ಭೀಮಾಶಂಕರದ ಬೆಟ್ಟದಿಂದ, ಉಜನಿ ಜಲಾಶಯದಿಂದ ನಮ್ಮ ಓಣಿಗೆ ಬರುವ ದಾರಿಯನ್ನು ಕಲಿಸಿರಲಿಲ್ಲ. ಅಲ್ಲಿಂದೀಚೆಗೆ ನಕ್ಷೆಯಲ್ಲಿ ಇಡೀ ಹೊಳೆಯನ್ನು ತೋರಿಸಿಯೇ ಪಾಠ ಆರಂಭಿಸಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಕೊಡ ನೀರು ಎಂಬ ಲೆಕ್ಕವನ್ನು ಮಕ್ಕಳು ಕೊಡ ಹೊತ್ತು ತಂದೇ ಕಲಿತರು. ಸೀಮೆಸುಣ್ಣ ಅಳಿಸಿಹೋಗುವ ಮೊದಲೇ ಆ ಗೆರೆಗಳ ಮೇಲೆ ಬಣ್ಣ ಬಳಿದೆವು. ಅವು ಇಂದಿಗೂ ಮೆಟ್ಟಿಲ ಮೇಲಿವೆ.

ಅಕ್ಕ, ಅಂದು ಚಹಾ ಕುಡಿದು ಲೋಟ ನಿಮ್ಮ ಕೈಗೆ ಕೊಟ್ಟೆನೇ ಹೊರತು ಒಂದು ಮಾತನ್ನೂ ಆಡಲಿಲ್ಲ. ನಿಮಗೆ ನನ್ನ ನಮಸ್ಕಾರಗಳು.